ಸರ್ಕಾರಿ ಕೆಲಸದ ಅರ್ಜಿ: ಒಂದೊಂದು ಕಾಲಂ ಹಿಂದೆ ಏನಿದೆ?

ಬಿಹಾರದಲ್ಲಿ 2017ರಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ಹಳ್ಳಿಯ ಹುಡುಗನೊಬ್ಬ ಸೈಬರ್ ಕೆಫೆಗೆ ಹೋಗಿ ಅರ್ಜಿ ಹಾಕಿಸಿದ. ಲಿಖಿತ ಪರೀಕ್ಷೆ ಪಾಸಾದ. ದೈಹಿಕ ಪರೀಕ್ಷೆಯೂ ಪಾಸಾಯಿತು. ಕೊನೆಯ ಫಲಿತಾಂಶ ಬಂದಾಗ ನೋಡಿದರೆ ಅವನು ಫೇಲ್. ಹತ್ತನೇ ತರಗತಿ ಮಾರ್ಕ್ಸ್ ಕಾರ್ಡಿನಲ್ಲಿ ಅವನ ಹುಟ್ಟಿದ ದಿನ 18-12-1997 ಅಂತ ಇತ್ತು. ಅರ್ಜಿಯಲ್ಲಿ 08-12-1997 ಅಂತ ಬಿದ್ದಿತ್ತು. ಅಷ್ಟಕ್ಕೇ ಹೊರಗೆ ಹಾಕಿದ್ದರು. ಹೈಕೋರ್ಟಿನಲ್ಲೂ ಅವನಿಗೆ ಸೋಲಾಯಿತು. ಕೊನೆಗೆ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವನ ಪರವಾಗಿ ತೀರ್ಪು ಕೊಟ್ಟಿತು. ಈ ತಪ್ಪಿನಿಂದ ಅವನಿಗೆ ಯಾವ ಲಾಭವೂ ಆಗಿಲ್ಲ, ಯಾವ ತಾರೀಕು ಹಿಡಿದರೂ ವಯಸ್ಸಿನ ಅರ್ಹತೆ ಬದಲಾಗಲ್ಲ, ಇಂಥ ಸಣ್ಣ ತಪ್ಪಿಗೆ ಕೆಲಸ ತಪ್ಪಿಸಬಾರದು ಅನ್ನುವುದು ಕೋರ್ಟಿನ ಮಾತು.

ನ್ಯಾಯ ಸಿಕ್ಕಿತು, ನಿಜ. ಆದರೆ ಅಷ್ಟು ಹೊತ್ತಿಗೆ ಅರ್ಜಿ ಹಾಕಿ ಆರು ವರ್ಷ ಕಳೆದಿತ್ತು.

ನಮ್ಮಲ್ಲಿ ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ), ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿ ಹಾಕುವವರು ಈ ತೀರ್ಪಿನಲ್ಲಿ ಒಂದು ಮಾತನ್ನು ಗಮನಿಸಬೇಕು. 'ಲಾಭ ಆಗಿಲ್ಲ' ಎಂಬ ಕಾರಣಕ್ಕೆ ಆ ಹುಡುಗ ಉಳಿದುಕೊಂಡ. ಕರ್ನಾಟಕದ ಅರ್ಜಿಗಳಲ್ಲಿ ಜನ ಮುಗ್ಗರಿಸುವ ಕಾಲಂಗಳೇ ಬೇರೆ. ಮೀಸಲಾತಿ, ಗ್ರಾಮೀಣ, ಕನ್ನಡ ಮಾಧ್ಯಮ, 371(ಜೆ) (ಕಲ್ಯಾಣ ಕರ್ನಾಟಕದವರ ಮೀಸಲಾತಿ), ಶೇಕಡಾವಾರು ಅಂಕ, ಇವೇ ಆ ಕಾಲಂಗಳು. ಇಲ್ಲಿ ಒಂದು ಟಿಕ್ ಹೆಚ್ಚುಕಮ್ಮಿ ಆದರೆ ನೀವು ಯಾವ ಪಟ್ಟಿಯಲ್ಲಿ ನಿಲ್ಲುತ್ತೀರಿ ಅನ್ನುವುದೇ ಬದಲಾಗುತ್ತದೆ. ಹಾಗಾಗಿ ಅದನ್ನು ಸಣ್ಣ ತಪ್ಪು ಅಂತ ವಾದ ಮಾಡುವುದು ಕಷ್ಟ.

ಪರೀಕ್ಷೆಗೆ ಎರಡು ವರ್ಷ ಓದುವವರು ಅರ್ಜಿಗೆ ಅರ್ಧ ಗಂಟೆ ಕೊಡುತ್ತಾರೆ. ಅದೂ ಕೊನೆ ದಿನ, ಸೈಬರ್ ಸೆಂಟರಿನ ಕ್ಯೂನಲ್ಲಿ. ಇದನ್ನು ನೋಡಿದಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಓದಿನಲ್ಲಿ ಹಿಂದೆ ಬಿದ್ದರೆ ಮುಂದಿನ ಸಲ ನೋಡೋಣ ಅನ್ನಬಹುದು. ಪಾಸಾದ ಮೇಲೆ ಕಾಗದ ಸರಿಯಿಲ್ಲ ಅಂತ ಹೊರಬಿದ್ದರೆ ಮನೆಯವರಿಗೆ ಹೇಗೆ ಹೇಳುವುದು?

ಹಾಗಾಗಿ ಅರ್ಜಿಯನ್ನು ನೋಡುವ ರೀತಿಯನ್ನೇ ಸ್ವಲ್ಪ ಬದಲಿಸಿಕೊಳ್ಳಬೇಕು. ಅರ್ಜಿಯ ಒಂದೊಂದು ಕಾಲಮ್ಮೂ ನೀವು ಕೊಡುವ ಒಂದು ಹೇಳಿಕೆ. ಆ ಹೇಳಿಕೆಗೆ ಮುಂದೊಂದು ದಿನ ಮೂಲ ದಾಖಲೆ ಕೇಳುತ್ತಾರೆ. ದಾಖಲೆ ಪರಿಶೀಲನೆ ದಿನ ಎದುರಿಗೆ ಕೂತವರ ಹತ್ತಿರ ನಿಮ್ಮ ಅರ್ಜಿಯ ಪ್ರತಿ ಇರುತ್ತದೆ. ಅವರು ಕಾಲಂ ನೋಡುತ್ತಾರೆ, ಕಾಗದ ನೋಡುತ್ತಾರೆ, ಎರಡೂ ತಾಳೆ ಆಗುತ್ತಾ ಅಂತ ನೋಡುತ್ತಾರೆ. ನಿಮ್ಮ ಕಷ್ಟ, ನಿಮ್ಮ ಅಂಕ, ನಿಮ್ಮ ಪ್ರಾಮಾಣಿಕತೆ ಆ ಮೇಜಿನ ಮೇಲೆ ಇರುವುದಿಲ್ಲ. ಆದ್ದರಿಂದ ನೆನಪಿನಿಂದ ಅರ್ಜಿ ತುಂಬಬೇಡಿ. ಕಾಗದಗಳನ್ನು ಮುಂದೆ ಹರಡಿಕೊಂಡು, ಅದರಲ್ಲಿ ಇರುವುದನ್ನೇ ನೋಡಿ ತುಂಬಿ.

ಕೊನೆ ದಿನಾಂಕ ಅಂದರೆ ಬರೀ ಅರ್ಜಿಯ ಕೊನೆ ದಿನಾಂಕ ಅಲ್ಲ

ಅಧಿಸೂಚನೆ ಬಂದ ಕೂಡಲೇ ಎಲ್ಲರೂ ನೋಡುವುದು ಹುದ್ದೆ ಎಷ್ಟು, ಸಂಬಳ ಎಷ್ಟು, ಪರೀಕ್ಷೆ ಯಾವಾಗ ಅಂತ. ಯೂಟ್ಯೂಬಿನ ವಿಡಿಯೊಗಳೂ ಅಷ್ಟನ್ನೇ ಹೇಳಿ ಮುಗಿಸುತ್ತವೆ. ನೀವು ಮೂಲ ಪಿಡಿಎಫ್ ಇಳಿಸಿಕೊಂಡು ಪೂರ್ತಿ ಓದಿ. ಅದರ ಹಿಂದಿನ ಪುಟಗಳಲ್ಲಿ ನಮೂನೆಗಳು, ಅನುಬಂಧಗಳು ಇರುತ್ತವೆ. ಆ ಹುದ್ದೆಗೆ ಯಾವ ಪ್ರಮಾಣ ಪತ್ರ ಯಾವ ರೂಪದಲ್ಲಿ ಬೇಕು ಅನ್ನುವುದು ಅಲ್ಲೇ ಇರುತ್ತದೆ. ಹುದ್ದೆಗಳ ವರ್ಗೀಕರಣದ ಪಟ್ಟಿಯನ್ನೂ ನೋಡಿ. ನಿಮ್ಮ ಪ್ರವರ್ಗಕ್ಕೆ ಎಷ್ಟು ಸ್ಥಾನ ಇದೆ, ಅದರಲ್ಲಿ ಮಹಿಳೆಯರಿಗೆ ಎಷ್ಟು, ಗ್ರಾಮೀಣಕ್ಕೆ ಎಷ್ಟು ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ.

ಇನ್ನು ಕೊನೆ ದಿನಾಂಕ. ಅರ್ಜಿ ಕಳಿಸಲು ಅಷ್ಟೇ ಅದು ಗಡುವು ಅಂತ ಬಹಳ ಜನ ತಿಳಿದಿದ್ದಾರೆ. ಅಧಿಸೂಚನೆಯಲ್ಲಿ ಬೇರೆ ದಿನ ಹೇಳಿಲ್ಲ ಅಂದರೆ, ನಿಮ್ಮ ಅರ್ಹತೆಯನ್ನು ಅಳೆಯುವ ದಿನವೂ ಅದೇ. ಸುಪ್ರೀಂ ಕೋರ್ಟ್ 1993ರಲ್ಲಿ ರಾಜಸ್ಥಾನ ವಿಶ್ವವಿದ್ಯಾಲಯದ ನೇಮಕಾತಿ ಪ್ರಕರಣದಲ್ಲಿ ಇದನ್ನು ಹೇಳಿತು. 1997ರಲ್ಲಿ ಇನ್ನೊಂದು ಪ್ರಕರಣದಲ್ಲಿ ಇನ್ನಷ್ಟು ಗಟ್ಟಿಯಾಗಿ ಹೇಳಿತು. ಕೊನೆ ದಿನಾಂಕ ಆದ ಮೇಲೆ ಪದವಿ ಫಲಿತಾಂಶ ಬಂದವರನ್ನು ಪರಿಗಣಿಸುವ ಹಾಗಿಲ್ಲ. ಸಂದರ್ಶನದ ಹೊತ್ತಿಗೆ ಪಾಸಾಗಿದ್ದಾರೆ ಅನ್ನುವ ಸಮಜಾಯಿಷಿ ನಡೆಯುವುದಿಲ್ಲ.

ಏಕೆ ಇಷ್ಟು ಬಿಗಿ? ಇದರ ಹಿಂದೆ ಒಂದು ನ್ಯಾಯ ಇದೆ. ಫೈನಲ್ ಸೆಮಿಸ್ಟರ್ ಫಲಿತಾಂಶ ಬರದೇ ಇರುವ ಸಾವಿರಾರು ಜನ 'ನಮಗೆ ಅರ್ಹತೆ ಇಲ್ಲ' ಅಂತ ಅರ್ಜಿಯನ್ನೇ ಹಾಕಿರುವುದಿಲ್ಲ. ಹಾಕಿದವರೊಬ್ಬರಿಗೆ ಮಾತ್ರ ಆಮೇಲೆ ಅವಕಾಶ ಕೊಟ್ಟರೆ, ನಿಯಮ ಪಾಲಿಸಿದವರಿಗೆ ಮೋಸ ಆಗುತ್ತದೆ ಅಲ್ವಾ?

ಜಾತಿ ಪ್ರಮಾಣ ಪತ್ರದ ವಿಷಯದಲ್ಲಿ ಕೋರ್ಟುಗಳು ಯಾವಾಗಲೂ ಒಂದೇ ಥರ ಹೇಳಿಲ್ಲ. 2016ರಲ್ಲಿ ದೆಹಲಿಯ ಒಂದು ನೇಮಕಾತಿಯಲ್ಲಿ ತಡವಾಗಿ ಒಬಿಸಿ (ಇತರ ಹಿಂದುಳಿದ ವರ್ಗ) ಪ್ರಮಾಣ ಪತ್ರ ಕೊಟ್ಟವರ ಪರ ಸುಪ್ರೀಂ ಕೋರ್ಟ್ ನಿಂತಿತು. 2023ರಲ್ಲಿ ಯುಪಿಎಸ್‌ಸಿ ಪರೀಕ್ಷೆಯ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದ ವರ್ಗ) ಅಭ್ಯರ್ಥಿಗಳ ವಿಷಯ ಬಂದಾಗ, ಹೇಳಿದ ದಿನದೊಳಗೆ ಪ್ರಮಾಣ ಪತ್ರ ಕೈಯಲ್ಲಿ ಇರಲೇಬೇಕು ಅಂದಿತು. ಯಾವ ತೀರ್ಪು ನಿಮಗೆ ಅನ್ವಯ ಆಗುತ್ತದೆ ಅಂತ ಕಾದು ನೋಡುವ ಬದಲು, ಅಧಿಸೂಚನೆ ಬಂದ ವಾರವೇ ನಾಡಕಚೇರಿಗೆ ಅರ್ಜಿ ಹಾಕುವುದು ಸುಲಭ. ಇನ್ನೂ ಒಳ್ಳೆಯದು ಅಂದರೆ ಅಧಿಸೂಚನೆಗೆ ಕಾಯದೇ ಈಗಲೇ ಮಾಡಿಸಿಟ್ಟುಕೊಳ್ಳುವುದು.

ಮೀಸಲಾತಿ ಕಾಲಂಗಳು: ಇಲ್ಲಿ ನಿಧಾನ ಮಾಡಿ

ಕರ್ನಾಟಕದ ನೇಮಕಾತಿಯಲ್ಲಿ ಎರಡು ಥರದ ಮೀಸಲಾತಿ ಇದೆ. ಒಂದು ಸಾಮಾಜಿಕ ಪ್ರವರ್ಗದ್ದು: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳ ಪ್ರವರ್ಗ-1, 2ಎ, 2ಬಿ, 3ಎ, 3ಬಿ. ಇವು ಬೇರೆ ಬೇರೆ ಪಟ್ಟಿಗಳು, ಒಬ್ಬರು ಒಂದರಲ್ಲಿ ಮಾತ್ರ ಇರಲು ಸಾಧ್ಯ. ಇನ್ನೊಂದು ಈ ಎಲ್ಲ ಪಟ್ಟಿಗಳನ್ನೂ ಅಡ್ಡಕ್ಕೆ ಹಾಯುವಂಥದ್ದು: ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ಮಾಜಿ ಸೈನಿಕ, ಯೋಜನಾ ನಿರಾಶ್ರಿತ, ಅಂಗವಿಕಲ, ತೃತೀಯ ಲಿಂಗಿ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಸ್ಥಾನ ಇದೆ. ತೃತೀಯ ಲಿಂಗಿಗಳಿಗೆ ಶೇ 1 ಮೀಸಲಾತಿ 2021ರಲ್ಲಿ ಬಂತು.

ಇದು ಕೆಲಸ ಮಾಡುವ ರೀತಿ ನೋಡಿ. ಒಂದು ನೇಮಕಾತಿಯಲ್ಲಿ 2ಎಗೆ ಎಂಟು ಸ್ಥಾನ ಬಂದಿವೆ ಅಂದುಕೊಳ್ಳಿ. ಅದರಲ್ಲಿ ಎರಡು ಗ್ರಾಮೀಣಕ್ಕೆ. ಈ ಎರಡು ಸ್ಥಾನಕ್ಕೆ ಪೈಪೋಟಿ 2ಎ ಗ್ರಾಮೀಣ ಅಂತ ಹೇಳಿಕೊಂಡವರ ನಡುವೆ ಮಾತ್ರ. ಹೇಳಿಕೊಂಡವರು ಅನ್ನುವುದನ್ನು ಗಮನಿಸಿ. ಹಳ್ಳಿ ಶಾಲೆಯಲ್ಲಿ ಓದಿದ ಹುಡುಗಿ ಆ ಕಾಲಮ್ಮಿನಲ್ಲಿ 'ಇಲ್ಲ' ಅಂತ ಬಿಟ್ಟರೆ ಕಂಪ್ಯೂಟರಿಗೆ ಅವಳು ಗ್ರಾಮೀಣ ಅಲ್ಲ. ಅವಳ ಊರು ಯಾವುದು, ಶಾಲೆ ಯಾವುದು ಅಂತ ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಕಟ್ ಆಫ್ ಪಟ್ಟಿ ಬಂದ ಮೇಲೆ '2ಎ ಗ್ರಾಮೀಣದಲ್ಲಿ ನನಗಿಂತ ಕಡಿಮೆ ಅಂಕದವರಿಗೆ ಸಿಕ್ಕಿದೆ' ಅಂತ ಗೊತ್ತಾಗುತ್ತದೆ. ಆಗ ಕೇಳಿದರೆ, ಅರ್ಜಿಯಲ್ಲಿ ಕೋರಿಲ್ಲ ಅನ್ನುವುದೇ ಉತ್ತರ.

ಇದರ ಉಲ್ಟಾ ಕೂಡ ಇದೆ. ಕೋರಿದ್ದೀರಿ, ಕಾಗದ ಇಲ್ಲ. ಆಗ ಆ ಮೀಸಲಾತಿ ಹೋಗುತ್ತದೆ. ಅದರ ಆಸರೆ ಇಲ್ಲದೆ ನಿಮ್ಮ ಅಂಕ ಮುಟ್ಟದಿದ್ದರೆ ಕೆಲಸವೂ ಹೋಗುತ್ತದೆ.

ಹಾಗಾದರೆ ಯಾರು ಗ್ರಾಮೀಣ? ಮನೆ ಹಳ್ಳಿಯಲ್ಲಿ ಇರುವುದು ಸಾಕಾಗಲ್ಲ. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಏಳನೇ ಕ್ಲಾಸಿನವರೆಗೆ ಊರಲ್ಲಿ ಓದಿ, ಹೈಸ್ಕೂಲಿಗೆ ತಾಲ್ಲೂಕು ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಬಂದವರಿಗೆ ಇದು ಸಿಗಲ್ಲ. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯನ್ನೂ ಗ್ರಾಮೀಣ ಅಂತ ಲೆಕ್ಕ ಹಾಕಲ್ಲ. ಊರು ನೋಡಲು ಹಳ್ಳಿಯ ಹಾಗೇ ಇರಬಹುದು, ಆದರೂ ಪಟ್ಟಣ ಪಂಚಾಯಿತಿ ಅಂದರೆ ನಗರ ವ್ಯಾಪ್ತಿಯ ಕಡೆಗೇ ಸೇರುತ್ತದೆ. ಅರ್ಹತೆ ಇದ್ದವರು ನಮೂನೆ-2ರಲ್ಲಿ ಮುಖ್ಯ ಶಿಕ್ಷಕರ ಸಹಿ ಹಾಕಿಸಿ, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮೇಲು ರುಜು ಮಾಡಿಸಬೇಕು. ಪ್ರೈಮರಿ ಒಂದು ಊರಲ್ಲಿ, ಹೈಸ್ಕೂಲ್ ಇನ್ನೊಂದು ಊರಲ್ಲಿ ಆಗಿದ್ದರೆ ಎರಡೂ ಕಡೆ ಓಡಾಡಬೇಕು. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿರುತ್ತದೆ. ಹಳೆಯ ಶಾಲೆ ಬೇರೆ ಶಾಲೆಯ ಜೊತೆ ವಿಲೀನ ಆಗಿರಬಹುದು, ದಾಖಲಾತಿ ಪುಸ್ತಕ ಹುಡುಕಬೇಕಾಗಬಹುದು. ಅದಕ್ಕೇ ಈ ಕೆಲಸ ಮೊದಲೇ ಮಾಡಿಕೊಳ್ಳಿ ಅನ್ನುವುದು.

ಇಲ್ಲೇ ಇನ್ನೊಂದು ಬಲೆ ಇದೆ. ಸಾಮಾನ್ಯ ಅರ್ಹತೆ, ಅಂದರೆ ಜಿಎಂ ಅಭ್ಯರ್ಥಿಗಳು ಗ್ರಾಮೀಣ ಮೀಸಲಾತಿ ಕೇಳಿದರೆ ನಮೂನೆ-2 ಒಂದೇ ಸಾಲದು. ಮೇಲುಸ್ತರಕ್ಕೆ, ಅಂದರೆ ಕೆನೆಪದರಕ್ಕೆ, ಸೇರಿಲ್ಲ ಅಂತ ತಹಶೀಲ್ದಾರರು ಕೊಡುವ ನಮೂನೆ-1 ಕೂಡ ಬೇಕು. ಗೆಳೆಯ 2ಎ, ಅವನು ಒಂದೇ ನಮೂನೆ ಕೊಟ್ಟ, ನಾನೂ ಅಷ್ಟೇ ಕೊಡುತ್ತೇನೆ ಅಂತ ಹೋದವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ.

ಕನ್ನಡ ಮಾಧ್ಯಮಕ್ಕೂ ಲೆಕ್ಕ 1ರಿಂದ 10ನೇ ತರಗತಿಯದ್ದೇ. ಕನ್ನಡವನ್ನು ಭಾಷೆಯಾಗಿ ಓದಿದ್ದು ಆಗಲ್ಲ. ಗಣಿತ, ವಿಜ್ಞಾನ, ಸಮಾಜ ಎಲ್ಲ ಕನ್ನಡದಲ್ಲೇ ಓದಿರಬೇಕು. ಎಂಟನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಸೇರಿದ್ದರೆ ಇಲ್ಲಿ ಟಿಕ್ ಹಾಕಬೇಡಿ. ಗ್ರಾಮೀಣವೂ ಕನ್ನಡ ಮಾಧ್ಯಮವೂ ಎರಡೂ ನಿಮಗೆ ಅನ್ವಯ ಆದರೆ ಎರಡನ್ನೂ ಕೇಳಿ. ಒಂದು ಕೇಳಿದರೆ ಇನ್ನೊಂದು ಹೋಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ.

ಜಾತಿ ಪ್ರಮಾಣ ಪತ್ರಗಳಿಗೆ ಬರೋಣ. ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ನಮೂನೆ-ಡಿ. ಪ್ರವರ್ಗ-1ಕ್ಕೆ ನಮೂನೆ-ಇ. 2ಎ, 2ಬಿ, 3ಎ, 3ಬಿಗೆ ನಮೂನೆ-ಎಫ್. ಮೊದಲ ಎರಡಕ್ಕೆ ಆದಾಯದ ಮಿತಿ ಇಲ್ಲ, ಹಾಗಾಗಿ ಅವಧಿಯ ತಂಟೆಯೂ ಇಲ್ಲ. ನಮೂನೆ-ಎಫ್ ಹಾಗಲ್ಲ. ಅದರಲ್ಲಿ ಜಾತಿಯ ಜೊತೆ ಆದಾಯವೂ ಸೇರಿದೆ, ಆದಾಯ ವರ್ಷ ವರ್ಷ ಬದಲಾಗುತ್ತದೆ, ಅದಕ್ಕೇ ಅದು ಐದು ವರ್ಷಕ್ಕೆ ಮಾತ್ರ ಸಿಂಧು. ಡಿಗ್ರಿ ಸೇರುವಾಗ ಸ್ಕಾಲರ್‌ಶಿಪ್ಪಿಗೆ ಅಂತ ಮಾಡಿಸಿದ್ದು ಮನೆಯ ಬೀರುವಿನಲ್ಲಿ ಇದೆ ಅಂತ ನೆಮ್ಮದಿಯಾಗಿ ಇರಬೇಡಿ. ತೆಗೆದು ತಾರೀಕು ನೋಡಿ. ಅರ್ಜಿಯ ಕೊನೆ ದಿನಕ್ಕೆ ಅದಕ್ಕೆ ಜೀವ ಇರಬೇಕು. ನಾಡಕಚೇರಿಯ ಪ್ರಮಾಣ ಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ಕೇಳುವುದು ಅದನ್ನೇ. ಹಳೆಯ ಪ್ರಮಾಣ ಪತ್ರದ ಸಂಖ್ಯೆ ಹಾಕಿ, ಪರಿಶೀಲನೆಗೆ ಹೊಸದನ್ನು ತೆಗೆದುಕೊಂಡು ಹೋದರೆ ಪ್ರಶ್ನೆ ಬರುತ್ತದೆ.

ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು. ಜಾತಿ ಹುಟ್ಟಿನಿಂದ ಬರುತ್ತದೆ, ಮದುವೆಯಿಂದ ಬದಲಾಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಗಂಡನ ಮನೆಯ ವಿಳಾಸದಲ್ಲಿ, ಗಂಡನ ಹೆಸರಿನ ಜೊತೆ ಜಾತಿ ಪ್ರಮಾಣ ಪತ್ರ ಮಾಡಿಸಿಕೊಂಡು ಬಂದವರು ಕಷ್ಟಕ್ಕೆ ಸಿಕ್ಕಿದ್ದಾರೆ. ತಂದೆಯ ಹೆಸರು ಇರುವ ಪ್ರಮಾಣ ಪತ್ರ ಮಾಡಿಸಿ. ತವರೂರಿನ ನಾಡಕಚೇರಿಗೆ ಒಂದು ಸಲ ಹೋಗಿ ಬರುವ ಖರ್ಚು ದೊಡ್ಡದಲ್ಲ.

ಕೇಂದ್ರ ಸರ್ಕಾರದ ಅಥವಾ ಬ್ಯಾಂಕ್ ಕೆಲಸಕ್ಕೆ ಈ 2ಎ, 3ಬಿ ಯಾವುದೂ ಲೆಕ್ಕಕ್ಕಿಲ್ಲ. ಅಲ್ಲಿ ಒಬಿಸಿ ಪಟ್ಟಿ ಬೇರೆ, ಪ್ರಮಾಣ ಪತ್ರದ ಮಾದರಿಯೂ ಬೇರೆ. ರಾಜ್ಯದ ಪಟ್ಟಿಯಲ್ಲಿ ಇರುವ ಕೆಲವು ಜಾತಿಗಳು ಕೇಂದ್ರದ ಪಟ್ಟಿಯಲ್ಲಿ ಇಲ್ಲ. ರಾಜ್ಯದ ನಮೂನೆ-ಎಫ್ ನೋಡಿಕೊಂಡು ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಯಲ್ಲಿ ಒಬಿಸಿ ಅಂತ ಟಿಕ್ ಮಾಡುವ ಮೊದಲು ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು ಇದೆಯಾ ನೋಡಿ.

ಮೀಸಲಾತಿ ಕೇಳಿದರೆ ಜಿಎಂ ಬಾಗಿಲು ಮುಚ್ಚುತ್ತದೆ ಅಂತ ಹೆದರಿ ಕೆಲವರು ಜಿಎಂ ಅಂತ ಹಾಕುತ್ತಾರೆ. ಇದು ಖಂಡಿತ ಬೇಡ. ಜಿಎಂ ಅನ್ನುವುದು ಒಂದು ಜಾತಿಯ ಗುಂಪಲ್ಲ. ಅದು ಅಂಕದ ಮೇಲೆ ಎಲ್ಲರಿಗೂ ತೆರೆದ ಸ್ಥಾನ. ನಿಮ್ಮ ಅಂಕ ಅಲ್ಲಿಗೆ ಮುಟ್ಟಿದರೆ 2ಎ ಅಂತ ಹೇಳಿಕೊಂಡಿದ್ದರೂ ಜಿಎಂ ಸ್ಥಾನವೇ ಸಿಗುತ್ತದೆ. ಮಹಿಳಾ ಮೀಸಲಾತಿಯಂಥ ಅಡ್ಡ ಮೀಸಲಾತಿಗೂ ಇದೇ ನಿಯಮ ಅಂತ 2020ರಲ್ಲಿ ಉತ್ತರ ಪ್ರದೇಶದ ಪೊಲೀಸ್ ನೇಮಕಾತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು.

ಕಲ್ಯಾಣ ಕರ್ನಾಟಕದವರಿಗೆ ಇನ್ನೂ ಒಂದು ಕಾಲಂ ಇದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಆಮೇಲೆ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗಳಿಗೆ ಅನ್ವಯ ಆಗುತ್ತದೆ. ಇದಕ್ಕೆ ರೇಷನ್ ಕಾರ್ಡ್, ಆಧಾರ್ ಸಾಲದು. ಸಹಾಯಕ ಆಯುಕ್ತರು ಕೊಡುವ ಅನುಬಂಧ-ಎ ಅರ್ಹತಾ ಪ್ರಮಾಣ ಪತ್ರ ಬೇಕು. ಹುದ್ದೆಗಳನ್ನೂ ಬೇರೆ ಬೇರೆ ಹಂಚಿರುತ್ತಾರೆ. 2024ರಲ್ಲಿ ಕೆಪಿಎಸ್‌ಸಿ ಕರೆದ 247 ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹುದ್ದೆಗಳಲ್ಲಿ 97 ಕಲ್ಯಾಣ ಕರ್ನಾಟಕದ ಭಾಗಕ್ಕೆ, 150 ಉಳಿಕೆ ಮೂಲ ವೃಂದಕ್ಕೆ, ಅಂದರೆ ರಾಜ್ಯದ ಉಳಿದ ಭಾಗಕ್ಕೆ, ಇದ್ದವು. ಯಾವ ಅಧಿಸೂಚನೆಗೆ ಅರ್ಜಿ ಹಾಕುತ್ತಿದ್ದೀರಿ ಅಂತ ಶೀರ್ಷಿಕೆ ಓದಿ, ಆಮೇಲೆ ಮುಂದಕ್ಕೆ ಹೋಗಿ.

ಹೆಸರು, ತಾರೀಕು, ಶೇಕಡಾ

ಹೆಸರಿನ ಕಷ್ಟ ನಮ್ಮವರಿಗೆ ಸ್ವಲ್ಪ ಜಾಸ್ತಿ. ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಎಸ್‌ಎಸ್‌ಎಲ್‌ಸಿಯಲ್ಲಿ 'ಮಂಜುನಾಥ ಕೆ', ಡಿಗ್ರಿಯಲ್ಲಿ 'ಕೆ ಮಂಜುನಾಥ್', ಆಧಾರ್‌ನಲ್ಲಿ 'ಮಂಜುನಾಥ ಕೃಷ್ಣಪ್ಪ'. ಇಂಗ್ಲಿಷ್ ಅಕ್ಷರದಲ್ಲಿ ಬರೆದರಂತೂ ಒಂದೊಂದರಲ್ಲಿ ಒಂದೊಂದು ಸ್ಪೆಲಿಂಗ್. ಅರ್ಜಿಗೆ ಆಧಾರ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್. ಅದರಲ್ಲಿ ಹೇಗಿದೆಯೋ ಹಾಗೇ, ಬಿಡುವ ಜಾಗ, ಚುಕ್ಕಿ ಸಮೇತ ಬರೆಯಿರಿ. ಆಧಾರ್ ಬೇರೆ ಥರ ಇದ್ದರೆ ಎಸ್‌ಎಸ್‌ಎಲ್‌ಸಿಗೆ ಹೊಂದುವ ಹಾಗೆ ಆಧಾರ್ ತಿದ್ದಿಸಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮೂಲಕ ಮಂಡಳಿಗೆ ಹೋಗಬೇಕು. ಅದಕ್ಕೆ ಸಮಯ ಹಿಡಿಯುತ್ತದೆ.

ಹುಟ್ಟಿದ ದಿನವೂ ಹಾಗೇ. ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡದ್ದೇ ಎಷ್ಟೋ ಜನರ ಹುಟ್ಟುಹಬ್ಬ. ಅಮ್ಮ ಹೇಳುವ ದಿನ ನಿಜವಾದದ್ದು ಇರಬಹುದು. ಅರ್ಜಿಗೆ ಮಾತ್ರ ಎಸ್‌ಎಸ್‌ಎಲ್‌ಸಿಯಲ್ಲಿ ಇರುವ ದಿನವೇ ಬೇಕು.

ಶೇಕಡಾ ಕಾಲಂ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಕನಿಷ್ಠ ಶೇ 60 ಬೇಕು ಅಂದಾಗ 59.6 ಇದ್ದರೆ ಅದು 60 ಅಲ್ಲ. ದುಂಡು ಮಾಡಬೇಡಿ. ಗ್ರೇಡ್ ಇರುವವರು ಸಿಜಿಪಿಎಯನ್ನು (ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ ಗ್ರೇಡ್ ಅಂಕ) ಸುಮ್ನೆ ಹತ್ತರಿಂದ ಗುಣಿಸಿ ಹಾಕಿಬಿಡುತ್ತಾರೆ. ಒಂದೊಂದು ವಿಶ್ವವಿದ್ಯಾಲಯದ ಸೂತ್ರ ಒಂದೊಂದು ಥರ, ಒಂದೇ ವಿಶ್ವವಿದ್ಯಾಲಯದಲ್ಲೂ ಸ್ಕೀಮ್ ಬದಲಾದಾಗ ಸೂತ್ರ ಬದಲಾಗಬಹುದು. ಬೆಳಗಾವಿಯ ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2015ರ ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ಸ್ಕೀಮ್ ತೆಗೆದುಕೊಳ್ಳಿ. ಅಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. 8 ಸಿಜಿಪಿಎ ಇದ್ದವರಿಗೆ ಸಿಗುವುದು ಶೇ 72.5. ಶೇ 80 ಅಂತ ಹಾಕಿದರೆ ಏಳೂವರೆ ಶೇಕಡಾ ಜಾಸ್ತಿ ಹೇಳಿಕೊಂಡ ಹಾಗಾಯಿತು. ಪದವಿ ಅಂಕದ ಮೇಲೆ ಆಯ್ಕೆ ನಡೆಯುವ ಹುದ್ದೆಗಳಲ್ಲಿ ಇದನ್ನು ಯಾರೂ ಕೈತಪ್ಪು ಅನ್ನಲ್ಲ. ಸೂತ್ರ ಸಾಮಾನ್ಯವಾಗಿ ಮಾರ್ಕ್ಸ್ ಕಾರ್ಡಿನ ಹಿಂಭಾಗದಲ್ಲೋ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲೋ ಇರುತ್ತದೆ. ಇಲ್ಲದಿದ್ದರೆ ವಿಶ್ವವಿದ್ಯಾಲಯದಿಂದ ಒಂದು ಪರಿವರ್ತನೆ ಪತ್ರ ತೆಗೆದುಕೊಳ್ಳಿ.

ಪೊಲೀಸ್ ಕೇಸ್ ಇದೆಯಾ ಅನ್ನುವ ಕಾಲಂ ಬಂದರೆ ನಿಜ ಬರೆಯಿರಿ. ಊರಿನ ಗಲಾಟೆಯಲ್ಲಿ ಹೆಸರು ಸೇರಿಸಿದ್ದರು, ಆಮೇಲೆ ಖುಲಾಸೆ ಆಯಿತು, ಇದನ್ನೇನು ಬರೆಯುವುದು ಅನ್ನಿಸಬಹುದು. 2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದೇ ವಿಷಯದಲ್ಲಿ ವಿವರವಾದ ತೀರ್ಪು ಕೊಟ್ಟಿದೆ. ಸಣ್ಣಪುಟ್ಟ ಪ್ರಕರಣವನ್ನು ಸರ್ಕಾರ ಮನ್ನಿಸಬಹುದು, ಆದರೆ ಕೇಳಿದ ಮಾಹಿತಿಯನ್ನು ಸರಿಯಾಗಿ ಕೊಡಲೇಬೇಕು. ಎಷ್ಟೋ ಸಲ ಕೇಸಿಗಿಂತ ಅದನ್ನು ಮುಚ್ಚಿಟ್ಟದ್ದೇ ಕೆಲಸಕ್ಕೆ ಕುತ್ತಾಗುತ್ತದೆ.

ಈಗಾಗಲೇ ಸರ್ಕಾರಿ ಕೆಲಸದಲ್ಲಿ ಇರುವವರು ಅದನ್ನು ಹೇಳಿ, ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆಯಿರಿ.

ಸೈಬರ್ ಸೆಂಟರಿನಲ್ಲಿ

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಸೈಬರ್ ಸೆಂಟರಿಗೆ ಹೋಗುವುದರಲ್ಲಿ ತಪ್ಪಿಲ್ಲ. ಅಲ್ಲಿನವರಿಗೆ ವೆಬ್‌ಸೈಟ್ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮ ಬಗ್ಗೆ ಗೊತ್ತಿರುವುದಿಲ್ಲ. 'ಕಾಗದ ಕೊಟ್ಟು ಹೋಗಿ, ಸಂಜೆ ಪ್ರಿಂಟ್ ಕೊಡ್ತೀನಿ' ಅಂದರೆ ಒಪ್ಪಬೇಡಿ. ಪಕ್ಕದಲ್ಲೇ ಕೂತುಕೊಳ್ಳಿ. ಹೋಗುವ ಮೊದಲೇ ಮನೆಯಲ್ಲಿ ಒಂದು ಬಿಳಿ ಹಾಳೆಯ ಮೇಲೆ ಎಲ್ಲ ಉತ್ತರ ಬರೆದುಕೊಂಡು ಹೋಗಿ: ಹೆಸರು, ತಂದೆ ತಾಯಿ ಹೆಸರು, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ, ಅಂಕ, ಆರ್‌ಡಿ ಸಂಖ್ಯೆ, ಯಾವ ಯಾವ ಮೀಸಲಾತಿ ಕೇಳಬೇಕು, ಪರೀಕ್ಷಾ ಕೇಂದ್ರ, ಹುದ್ದೆಗಳ ಆದ್ಯತೆ. ಅವರು ಟೈಪ್ ಮಾಡಲಿ, ನೀವು ಹಾಳೆಯ ಜೊತೆ ತಾಳೆ ನೋಡಿ. ಕೊನೆಯ ಬಟನ್ ಒತ್ತುವ ಮೊದಲು ಪೂರ್ತಿ ಅರ್ಜಿ ಒಮ್ಮೆ ತೆರೆಯ ಮೇಲೆ ಬರುತ್ತದೆ. ಅದನ್ನು ಬಾಯಿಬಿಟ್ಟು ಓದಿ. ಹಿಂದೆ ಕ್ಯೂ ಇದ್ದರೆ ಇರಲಿ. ಅರ್ಜಿ ಕಳಿಸಿದ ಮೇಲೆ ತಿದ್ದುಪಡಿಗೆ ಕೆಲವೊಮ್ಮೆ ಅವಕಾಶ ಕೊಡುತ್ತಾರೆ, ಕೆಲವೊಮ್ಮೆ ಇಲ್ಲ. ಅದನ್ನು ನಂಬಿಕೊಂಡು ತುಂಬುವ ಹಾಗಿಲ್ಲ.

ಮೊಬೈಲ್ ನಂಬರ್ ಮತ್ತು ಇಮೇಲ್ ನಿಮ್ಮದೇ ಇರಲಿ. ಅಂಗಡಿಯವರ ಇಮೇಲ್ ಹಾಕಿಸಿಕೊಂಡು ಆಮೇಲೆ ಪಾಸ್‌ವರ್ಡ್‌ಗೆ ಪರದಾಡುವವರು ಬಹಳ ಜನ. ನೇಮಕಾತಿ ಬೇಗ ಮುಗಿಯುವುದೂ ಇಲ್ಲ. ಕೆಪಿಎಸ್‌ಸಿಯ 106 ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್ ಮುಂತಾದ ಅಧಿಕಾರಿ) ಹುದ್ದೆಗಳಿಗೆ 2020ರ ಆರಂಭದಲ್ಲಿ ಅಧಿಸೂಚನೆ ಬಂತು. ಆಗಸ್ಟ್‌ನಲ್ಲಿ ಪೂರ್ವಭಾವಿ ಪರೀಕ್ಷೆ, 2021ರ ಫೆಬ್ರವರಿಯಲ್ಲಿ ಮುಖ್ಯ ಪರೀಕ್ಷೆ, ಆಯ್ಕೆ ಪಟ್ಟಿ 2022ರಲ್ಲಿ. ಅಷ್ಟು ದಿನವೂ ಅದೇ ಸಿಮ್ ಚಾಲ್ತಿಯಲ್ಲಿ ಇರಬೇಕು.

ಫೋಟೊ, ಸಹಿಯ ಅಳತೆಯನ್ನು ಅಧಿಸೂಚನೆಯೇ ಹೇಳುತ್ತದೆ. ಇತ್ತೀಚೆಗೆ ತೆಗೆಸಿದ, ತಿಳಿ ಬಣ್ಣದ ಹಿನ್ನೆಲೆಯ ಫೋಟೊ ಹಾಕಿ. ಅದೇ ಫೋಟೊದ ನಾಲ್ಕಾರು ಪ್ರತಿ ಎತ್ತಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬ್ಯಾಂಕ್ ಕೆಲಸದ ಐಬಿಪಿಎಸ್ ಅರ್ಜಿಯಲ್ಲಿ ಎಡಗೈ ಹೆಬ್ಬೆರಳಿನ ಗುರುತು, ಸ್ವಂತ ಕೈಬರಹದ ಇಂಗ್ಲಿಷ್ ಘೋಷಣೆ ಕೂಡ ಕೇಳುತ್ತಾರೆ. ಸಹಿಯನ್ನಾಗಲಿ ಘೋಷಣೆಯನ್ನಾಗಲಿ ದೊಡ್ಡಕ್ಷರದಲ್ಲಿ ಬರೆದರೆ ಅಲ್ಲಿ ನಡೆಯಲ್ಲ.

ಶುಲ್ಕ ಕಟ್ಟುವ ತನಕ ಅರ್ಜಿ ಪೂರ್ತಿ ಆಗಿರುವುದಿಲ್ಲ. ಕೆಪಿಎಸ್‌ಸಿಯ ಇತ್ತೀಚಿನ ಅಧಿಸೂಚನೆಗಳಲ್ಲಿ ಸಾಮಾನ್ಯ ಅರ್ಹತೆಗೆ 600 ರೂಪಾಯಿ, 2ಎ, 2ಬಿ, 3ಎ, 3ಬಿಗೆ 300, ಮಾಜಿ ಸೈನಿಕರಿಗೆ 50 ಇದೆ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲರಿಗೆ ಶುಲ್ಕ ಇಲ್ಲ. ಖಾತೆಯಿಂದ ದುಡ್ಡು ಹೋದ ಮೆಸೇಜ್ ಬಂದರೆ ಸಾಕು ಅಂತ ಎದ್ದು ಬರಬೇಡಿ. ಮತ್ತೆ ಲಾಗಿನ್ ಆಗಿ, ಪಾವತಿ ಆಗಿದೆ ಅಂತ ಅರ್ಜಿಯಲ್ಲೇ ತೋರಿಸುತ್ತಿದೆಯಾ ನೋಡಿ. ಕೊನೆ ದಿನ ಸರ್ವರ್ ನಿಧಾನ ಆಗಿ ಪಾವತಿ ನಡುವೆ ನಿಂತುಹೋಗುವುದು ಮಾಮೂಲಿ. ಒಂದು ವಾರ ಮೊದಲೇ ಹಾಕಿದವರಿಗೆ ಇದನ್ನು ಸರಿಮಾಡಿಕೊಳ್ಳಲು ದಿನ ಇರುತ್ತದೆ.

ಆಮೇಲೆ ಅರ್ಜಿಯ ಪಿಡಿಎಫ್, ಶುಲ್ಕದ ರಸೀದಿ, ಅಧಿಸೂಚನೆ ಮೂರನ್ನೂ ನಿಮ್ಮ ಇಮೇಲಿಗೆ ಕಳಿಸಿಕೊಳ್ಳಿ. ವರ್ಷ ಕಳೆದ ಮೇಲೆ ವೆಬ್‌ಸೈಟಿನ ಹಳೆಯ ಕೊಂಡಿ ತೆರೆಯದೇ ಹೋಗಬಹುದು. ಒಂದು ಪ್ರಿಂಟ್ ತೆಗೆದು, ಅರ್ಜಿಯಲ್ಲಿ ಬರೆದ ಕ್ರಮದಲ್ಲೇ ಮೂಲ ದಾಖಲೆಗಳನ್ನು ಒಂದು ಫೈಲಿನಲ್ಲಿ ಜೋಡಿಸಿ. ದಾಖಲೆ ಪರಿಶೀಲನೆಗೆ ಕರೆ ಬಂದಾಗ ಆ ಫೈಲ್ ಮತ್ತು ಜೆರಾಕ್ಸ್ ಪ್ರತಿಗಳು ಸಾಕು. ಪರಿಶೀಲನೆಯಲ್ಲಿ ಯಾವುದಾದರೂ ಕಾಗದ ಒಪ್ಪಿಲ್ಲ ಅಂದರೆ, ಏಕೆ ಒಪ್ಪಿಲ್ಲ ಅಂತ ಅಲ್ಲೇ ವಿನಯವಾಗಿ ಕೇಳಿ, ಬರೆದುಕೊಳ್ಳಿ. ತಾತ್ಕಾಲಿಕ ಪಟ್ಟಿ ಹೊರಬಂದಾಗ ಆಕ್ಷೇಪಣೆಗೆ ಕೆಲವು ದಿನ ಕೊಡುತ್ತಾರೆ. ಪಟ್ಟಿಯಲ್ಲಿ ನಿಮ್ಮ ಪ್ರವರ್ಗ, ಗ್ರಾಮೀಣ, ಕನ್ನಡ ಮಾಧ್ಯಮ ಎಲ್ಲ ನೀವು ಕೇಳಿದ ಹಾಗೇ ಇದೆಯಾ ಅಂತ ಅರ್ಜಿಯ ಪ್ರಿಂಟ್ ಪಕ್ಕದಲ್ಲಿ ಇಟ್ಟುಕೊಂಡು ನೋಡಿ. ವ್ಯತ್ಯಾಸ ಕಂಡರೆ ಅರ್ಜಿ ಸಂಖ್ಯೆ ಬರೆದು, ಸಂಬಂಧಪಟ್ಟ ದಾಖಲೆಯ ಪ್ರತಿ ಸೇರಿಸಿ, ಹೇಳಿದ ದಿನದೊಳಗೆ ಆಕ್ಷೇಪಣೆ ಸಲ್ಲಿಸಿ. ಫೋನಿನಲ್ಲಿ ಹೇಳಿದ್ದೆ ಅನ್ನುವುದು ಆಮೇಲೆ ಎಲ್ಲೂ ನಿಲ್ಲುವುದಿಲ್ಲ. ಆಕ್ಷೇಪಣೆ ತಲುಪಿದ್ದಕ್ಕೆ ಸ್ವೀಕೃತಿ ಪಡೆದು ಅದನ್ನೂ ಫೈಲಿಗೆ ಸೇರಿಸಿ.